ಹಳೆಯ ಫ್ರಿಡ್ಜಿನಲ್ಲಿ ಮಾಗಿದ ಸ್ಕಿಲಾಂದಿಸ್: ನನ್ನ ಅನುಭವ

ಹಂದಿಯ ಜಠರದಲ್ಲಿ ತುಂಬಿದ ಸ್ಕಿಲಾಂದಿಸ್ (ಹೊಗೆ ಹಾಕಿ, ಒಣಗಿಸಿ ಮಾಗಿಸುವ ಲಿಥುವೇನಿಯಾದ ದಪ್ಪ ಸಾಸೇಜು) ಹಳ್ಳಿಮನೆಯ ಅಟ್ಟದಲ್ಲಿ ಮಾತ್ರ ಮಾಗುತ್ತದೆ, ಫ್ಲ್ಯಾಟಿನಲ್ಲಿ ಕೊಳೆಯುತ್ತದೆ ಎಂದು ಅಲ್ಲಿನ ನಗರ ಕೌನಸ್‌ನ ನನ್ನ ಗೆಳೆಯರೆಲ್ಲ ಖಡಾಖಂಡಿತವಾಗಿ ಹೇಳಿದ್ದರು. ಈ ಸಲದ್ದನ್ನು ಕೊಯ್ದಾಗ ಅಂಚಿನಿಂದ ನಡುವಿನವರೆಗೂ ಒಂದೇ ಕೆಂಪು. ಬೂದು ಉಂಗುರವಿಲ್ಲ, ಪೊಳ್ಳಿಲ್ಲ. ಹೊಗೆಗೂಡು ಬಿಟ್ಟುಕೊಟ್ಟ ನೆರೆಯ ಹಿರಿಯರು ತಾವಾಗಿಯೇ ಎರಡನೇ ಹೋಳು ಕೇಳಿದರು.

ಹಿಂದಿನ ಚಳಿಗಾಲಗಳಲ್ಲಿ ಬಾಲ್ಕನಿಯ ಒಣಗಾಳಿ ಎಲ್ಲವನ್ನೂ ಕೆಡಿಸಿತ್ತು. ಹೊರಗಿನ ಪದರ ಚಕ್ಕೆಯಂತೆ ಗಟ್ಟಿಯಾಗಿ ಒಳಗಿನ ನೀರಿಗೆ ಹೊರಬರುವ ದಾರಿಯೇ ಇರುತ್ತಿರಲಿಲ್ಲ. ನಡುಭಾಗ ಹುಳಿದು ನಾರುತ್ತಿತ್ತು. ಕಸಕ್ಕೆ ಹೋದ ಮಾಂಸವೇ 100 ಯೂರೋ ದಾಟಿರಬೇಕು. ತೆಳ್ಳನೆಯ ಸಾಸೇಜಿಗೆ ಸಾಲುವ ಗಾಳಿ ಇಷ್ಟು ದಪ್ಪದ ಗಂಟಿಗೆ ವಿಷ.

ಅದಕ್ಕೇ 40 ಯೂರೋಗೆ ಹಳೆಯ ಫ್ರಿಡ್ಜ್ ತಂದು, ಹೊರಗಿನಿಂದ ತಾಪಮಾನ ನಿಯಂತ್ರಕ ಜೋಡಿಸಿ 12 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದೆ. ತೇವಾಂಶ ಮೊದಮೊದಲು ಶೇ 85, ಆಮೇಲೆ 75ಕ್ಕೆ ಇಳಿಸಿದೆ. ತೇವ ಹಿಡಿದಿಡಲು ತಳದಲ್ಲಿ ಏನಿಟ್ಟೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಾಂಸ ತೊಡೆಯದು, ಬೆನ್ನಿನ ಕೊಬ್ಬು ಸೇರಿ ಮೂರೂವರೆ ಕೆ.ಜಿ. ಕೈಯಲ್ಲೇ ಕೊಚ್ಚಿದ್ದು, ಯಂತ್ರಕ್ಕೆ ಕೊಟ್ಟರೆ ಹೋಳಿನಲ್ಲಿ ಮಾಂಸದ ತುಂಡುಗಳು ಎದ್ದು ಕಾಣುವುದಿಲ್ಲ. ನೈಟ್ರೈಟ್ ಉಪ್ಪು (ಮಾಂಸ ಕೆಡದಂತೆ ಅತ್ಯಲ್ಪ ನೈಟ್ರೈಟ್ ಬೆರೆಸಿ ಮಾರುವ ಉಪ್ಪು, ಶುದ್ಧ ನೈಟ್ರೈಟ್ ಅಲ್ಲ) ಮಾಂಸದ ತೂಕದ ಶೇ 2.8, ಮೆಣಸು, ಬೆಳ್ಳುಳ್ಳಿ. ಜಠರಕ್ಕೆ ಒತ್ತಿ ತುಂಬಿ, ಹೊಲಿದು, ಹಲಗೆಗಳ ನಡುವೆ ಭಾರ ಹೇರಿದೆ. ಗಾಳಿಯ ಗುಳ್ಳೆ ಉಳಿದರೆ ಅಲ್ಲಿಂದಲೇ ಕೊಳೆ ಶುರು. ಹೊಗೆ ಆಲ್ಡರ್ ಕಟ್ಟಿಗೆಯದು, 20 ಡಿಗ್ರಿಯೊಳಗೆ, ದಿನಕ್ಕೆ ಕೆಲವು ಗಂಟೆ, ನಡುನಡುವೆ ವಿರಾಮ ಕೊಟ್ಟು ಸುಮಾರು ಹತ್ತು ದಿನ. ಕೊನೆಗೆ ಜೂನಿಪರ್ ರೆಂಬೆ. ಅಲ್ಲಿಂದ ಫ್ರಿಡ್ಜಿಗೆ, ಒಳಗೆ ಮೂರು ತಿಂಗಳಿಗೂ ಹೆಚ್ಚು. ತೂಕ ಮೂರನೇ ಒಂದು ಭಾಗ ಇಳಿಯುವವರೆಗೆ ಚಾಕು ಮುಟ್ಟಿಸಲಿಲ್ಲ.

ಕೊಡಗಿನವನಾದ್ದರಿಂದ ಕಾಚಂಪುಳಿ ಬೆರೆಸಿದ ಒಂದು ಚಿಕ್ಕ ಗಂಟನ್ನೂ ಜೊತೆಗೆ ಮಾಡಿದ್ದೆ, ಹಂದಿಯ ಮೂತ್ರಕೋಶದಲ್ಲಿ ತುಂಬಿ. ಪರಿಮಳ ಅದ್ಭುತ, ಆದರೆ ಹುಳಿಯಿಂದಾಗಿ ಮಾಂಸ ಒಂದಕ್ಕೊಂದು ಅಂಟಲೇ ಇಲ್ಲ, ಹೋಳು ಪುಡಿಪುಡಿಯಾಯಿತು. ಊರಿಂದ ತಂದ ಕರಿಮೆಣಸು ಮಾತ್ರ ಇಲ್ಲಿಯ ಅಂಗಡಿಯದಕ್ಕಿಂತ ಎಷ್ಟೋ ಮೇಲು, ಅದನ್ನು ಬಿಡುವುದಿಲ್ಲ.

ಫ್ರಿಡ್ಜಿನ ಬೆಲೆ, ವಿದ್ಯುತ್ ಬಿಟ್ಟರೆ ಸಿದ್ಧ ಸ್ಕಿಲಾಂದಿಸ್ ಕೆ.ಜಿ.ಗೆ 11 ಯೂರೋ ಬಿದ್ದಿದೆ. ಮುಂದಿನದಕ್ಕೆ ಐದನೇ ಒಂದು ಪಾಲು ದನದ ಮಾಂಸ ಸೇರಿಸುತ್ತೇನೆ. ಸಂತೆಯ ಮಾಂಸದಂಗಡಿಯಲ್ಲಿ ದೊಡ್ಡ ಜಠರಗಳನ್ನು ಎತ್ತಿಡಲು ಈಗಾಗಲೇ ಹೇಳಿದ್ದೇನೆ.