ಈಜಿಪ್ಟಿನ ವಸ್ತು ನಮ್ಮೂರ ಕಪಾಟಿಗೆ ಬಂದ ದಾರಿಯನ್ನು ಪತ್ತೆಹಚ್ಚುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ವಸ್ತುಸಂಗ್ರಹಾಲಯವೊಂದರ ಕಪಾಟಿನಲ್ಲಿ ಬೆರಳುದ್ದದ ನೀಲಿ ಗೊಂಬೆಯೊಂದಿದ್ದು, ಅದರ ಮುಂದಿನ ಚೀಟಿಯಲ್ಲಿ ‘ಪ್ರಾಚೀನ ಈಜಿಪ್ಟ್’ ಎಂದಷ್ಟೇ ಬರೆದಿದ್ದರೆ, ಹುಡುಕಾಟವನ್ನು ಗೊಂಬೆಯಿಂದಲ್ಲ, ರಿಜಿಸ್ಟರಿನಿಂದ ಆರಂಭಿಸಬೇಕು. ಸ್ವೀಕರಿಸಿದ ದಿನಾಂಕ, ಕೊಟ್ಟವರ ಹೆಸರು, ಅಳತೆ, ಖರೀದಿಯೋ ದಾನವೋ ಎಂಬ ವಿವರ ಇವಿಷ್ಟನ್ನು ಮೊದಲು ನಕಲು ಮಾಡಿಕೊಳ್ಳಿ. ಹಾಳೆಯನ್ನು ಗೆದ್ದಲು ತಿಂದಿದ್ದರೆ ಅದೇ ವರ್ಷದ ಪತ್ರವ್ಯವಹಾರದ ಕಡತವನ್ನು ಕೇಳಿ.

ದಾನವೆಂದು ಗೊತ್ತಾದರೆ ದಾನಿಯ ಮನೆಯವರನ್ನು ಕಾಣಬೇಕು. ಮಂಗಳೂರಿನ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡವನ್ನೇ ಕರ್ನಲ್ ಮಿರಾಜ್ಕರ್ ತಮ್ಮ ತಾಯಿಯ ನೆನಪಿಗಾಗಿ ಕೊಟ್ಟಿದ್ದರು. ಇಂಥ ಕೊಡುಗೆಗಳ ಹಿಂದೆ ಮನೆತನದ ಪತ್ರಗಳು ಉಳಿದಿರುವುದುಂಟು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿಗೆ ಹೋಗಿಬರುವ ಹಡಗುಗಳು ಈಜಿಪ್ಟಿನ ಬಂದರಾದ ಪೋರ್ಟ್ ಸೈದ್‌ನಲ್ಲಿ ನಿಲ್ಲುತ್ತಿದ್ದವು. ಪ್ರವಾಸಿಗರಿಗೆಂದೇ ಮಾಡಿದ ನಕಲಿ ಗೊಂಬೆಗಳೂ ಈಜಿಪ್ಟಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದುದರಿಂದ, ಹಡಗಿನ ಟಿಕೆಟೊಂದು ಸಿಕ್ಕಿದರೂ ಅದು ವಸ್ತುವಿನ ಪ್ರಾಚೀನತೆಗೆ ಸಾಕ್ಷಿಯಾಗದು.

ಇನ್ನು ಗೊಂಬೆಯ ಸರದಿ. ಕೈಗವಸು ಹಾಕಿ, ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಅದನ್ನು ಮಗುಚಿ ನೋಡಿ. ಉತ್ಖನನಕಾರರು ಗೋರಿಯ ಸಂಖ್ಯೆಯನ್ನೋ ಸ್ಥಳದ ಗುರುತನ್ನೋ ಕಪ್ಪು ಮಸಿಯಲ್ಲಿ ವಸ್ತುವಿನ ಮೇಲೆಯೇ ಬರೆಯುತ್ತಿದ್ದರು. ಕೊಳೆಯೆಂದು ತಿಳಿದು ಅದನ್ನು ಒರೆಸಿದರೆ ದಾರಿಯೇ ಅಳಿಸಿಹೋಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. 1882ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಉತ್ಖನನ ಸಂಸ್ಥೆ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್, ಅಗೆತದಲ್ಲಿ ತನಗೆ ಸಿಕ್ಕ ಪಾಲನ್ನು ಹಣ ಸಹಾಯ ಮಾಡಿದ ವಸ್ತುಸಂಗ್ರಹಾಲಯಗಳಿಗೆ ಹಂಚುತ್ತಿತ್ತು. ಆ ಹಂಚಿಕೆಯ ಪಟ್ಟಿಗಳಲ್ಲಿ ಈ ಮಸಿಯ ಗುರುತನ್ನು ಹುಡುಕಬಹುದು. ಎದೆಯ ಮೇಲೆ ಕೈಕಟ್ಟಿ ಗುದ್ದಲಿ ಹಿಡಿದ ಗೊಂಬೆಯಾದರೆ ಅದು ಶಬ್ತಿ, ಪರಲೋಕದಲ್ಲಿ ಯಜಮಾನನ ಬದಲು ಹೊಲದ ಕೆಲಸಕ್ಕೆ ಓಗೊಡಬೇಕಾದ ಆಳು. ಅದರ ಮೈಮೇಲಿನ ಬರಹದಲ್ಲಿ ಹಲವು ಬಾರಿ ಮೃತನ ಹೆಸರಿರುತ್ತದೆ. ಓರೆ ಬೆಳಕಿನಲ್ಲಿ ಚಿತ್ರ ತೆಗೆದು ಲಿಪಿ ಬಲ್ಲವರಿಗೆ ಕಳುಹಿಸಿ.

ವಸ್ತು ಬಂದ ವರ್ಷಕ್ಕೆ ವಿಶೇಷ ತೂಕವಿದೆ. ಈಜಿಪ್ಟಿನ 1983ರ 117ನೇ ಕಾನೂನು ಪ್ರಾಚ್ಯವಸ್ತುಗಳ ಮಾರಾಟವನ್ನು ನಿಷೇಧಿಸಿತು. ಆನಂತರ ಕಾಗದಪತ್ರವಿಲ್ಲದೆ ಬಂದದ್ದನ್ನು ಪ್ರದರ್ಶನಕ್ಕಿಡುವ ಮುನ್ನ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಬರೆಯುವುದೇ ಸರಿ.

ಕೊನೆಗೆ ಚೀಟಿಯನ್ನು ಹೊಸದಾಗಿ ಬರೆಯುವಾಗ ದಾನಿ, ವರ್ಷ, ಮಸಿಯ ಗುರುತು ಇವನ್ನು ಸೇರಿಸಿ, ತಿಳಿಯದ ಕಡೆ ‘ದೊರೆತ ಸ್ಥಳ ತಿಳಿದಿಲ್ಲ’ ಎಂದೇ ನಮೂದಿಸಿ.