ನನ್ನ ಹೆಸರಿನ ಮೇಲೊಂದು ಅಡ್ಡಗೆರೆ

ಪೀಣ್ಯದಲ್ಲಿ ನಮ್ಮದು ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ನಾಲ್ಕು ಸಿಎನ್‌ಸಿ ಯಂತ್ರಗಳ ಸಣ್ಣ ಕಾರ್ಖಾನೆ, ವಾಹನಗಳ ಬಿಡಿಭಾಗ ಮಾಡಿಕೊಡುತ್ತೇವೆ. 2018ರಲ್ಲಿ ಜಪಾನಿನ ನಗೋಯಾದಲ್ಲಿ ಮಾರಾಟಕ್ಕೊಂದು ಕಂಪನಿ ತೆರೆಯಲು ಹೊರಟಾಗ ಭಾಷೆಗೂ ಬೆಲೆಗೂ ಹೆದರಿದ್ದೆ. ಮೊದಲು ಅಡ್ಡ ಬಂದದ್ದು ನನ್ನ ಹೆಸರು.

ನನಗಿರುವುದು ಒಂದೇ ಹೆಸರು. ಮುಂದೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅಲ್ಲಿನ ಅರ್ಜಿಗಳು ಮೊದಲು ಕೇಳುವುದೇ ಅದನ್ನು. ಸಾಲದ್ದಕ್ಕೆ ವಿದೇಶಿಯರ ಹೆಸರನ್ನು ಕತಕಾನಾ ಲಿಪಿಯಲ್ಲಿ ಬರೆಯಬೇಕು. ಆ ಲಿಪಿಯಲ್ಲಿ ರ, ಲ, ಳ ಎಲ್ಲಕ್ಕೂ ಒಂದೇ ಅಕ್ಷರ. ನನ್ನ ಹೆಸರನ್ನು ಒಬ್ಬರು ಹ್ರಸ್ವವಾಗಿ ಬರೆದರು, ಇನ್ನೊಬ್ಬರು ದೀರ್ಘದ ಅಡ್ಡಗೆರೆ ಎಳೆದರು. ಗೆರೆ ಇರುವವನೂ ಇಲ್ಲದವನೂ ಒಬ್ಬನೇ ಎಂದರೆ ಬ್ಯಾಂಕಿನವರು ಒಪ್ಪಲಿಲ್ಲ. ಅರ್ಜಿ ವಾಪಸ್ ಬಂತು.

ನೋಂದಣಿ ತೆರಿಗೆ ಗೋಡೋ ಗಾಯ್ಶಾ ಎಂಬ, ಹಣ ಹಾಕಿದವರೇ ನಡೆಸುವ ಸರಳ ಬಗೆಯ ಕಂಪನಿಗೆ ಕನಿಷ್ಠ 60,000 ಯೆನ್, ಕಾಬುಶಿಕಿ ಗಾಯ್ಶಾ ಎಂಬ ಷೇರು ಕಂಪನಿಗೆ 1,50,000. ಹಳೆಯ ಗಿರಾಕಿಗಳು ಮಣೆ ಹಾಕುವುದು ಎರಡನೆಯದಕ್ಕೇ ಎಂದು ಕೇಳಿ ದುಬಾರಿಯದನ್ನೇ ಆರಿಸಿದೆ. ಬಂಡವಾಳವನ್ನು ಸ್ಥಾಪಕರ ಸ್ವಂತ ಖಾತೆಗೆ ಕಟ್ಟಿ ತೋರಿಸಬೇಕಿತ್ತು. ಹೊಸದಾಗಿ ಬಂದ ನನಗೆ ಖಾತೆ ಕೊಡುವವರಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಅಲ್ಲಿ ಹತ್ತು ವರ್ಷದಿಂದ ನೆಲೆಸಿದ್ದ ಗೆಳೆಯನೊಬ್ಬನನ್ನು ಸಹಸ್ಥಾಪಕನನ್ನಾಗಿ ಮಾಡಿಕೊಂಡು ಅವನ ಖಾತೆಗೆ ಹಣ ಹಾಕಿದ ಮೇಲೆ ಗಂಟು ಬಿಚ್ಚಿತು. ನಾನಿದನ್ನು ಮೊದಲೇ ಮಾಡಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಮೊದಲ ಗಿರಾಕಿ ನಮ್ಮ ದರಪಟ್ಟಿ ನೋಡಿ 'ಕೆಂತೋ ಶಿಮಾಸು' ಎಂದರು, ಪರಿಶೀಲಿಸುತ್ತೇವೆ ಎಂದರ್ಥ. ಮೂರು ತಿಂಗಳು ಕಾದೆ. ಹೆಣ್ಣು ನೋಡಿ ಹೋದವರು 'ನೋಡೋಣ' ಎಂದರೆ ಏನೆಂದು ತಿಳಿಯದ ಕನ್ನಡಿಗನೇ ನಾನು?

ಎರಡನೆಯ ಗಿರಾಕಿಗೆ ಐನೂರು ಬುಶ್‌ಗಳ (ತೂತಿನೊಳಗೆ ಕೂರುವ ಲೋಹದ ಕೊಳವೆಗಳ) ಮಾದರಿ ಸರಕು ಕಳಿಸಿದೆವು. ಅದರಲ್ಲೊಂದರ ಅಂಚಿನಲ್ಲಿ ಕೂದಲೆಳೆಯಷ್ಟು ಬರ್, ಅಂದರೆ ಕಡೆದಾಗ ಏಳುವ ಲೋಹದ ಮುಳ್ಳು, ಉಳಿದಿತ್ತು. ಕ್ಷಮೆ ಕೇಳಿ, ಇಪ್ಪತ್ತು ಬುಶ್ ಪುಕ್ಕಟೆ ಕಳಿಸುತ್ತೇನೆಂದೆ. ಅವರಿಗೆ ಬುಶ್ ಬೇಡ, ಕಾರಣ ಬೇಕಿತ್ತು. 'ಆಪರೇಟರ್ ಅಜಾಗರೂಕತೆ' ಎಂದು ಬರೆದೆ. ಅಜಾಗರೂಕತೆಗೆ ಕಾರಣವೇನು ಎಂಬ ಪ್ರಶ್ನೆ ಮರುದಿನವೇ ಬಂತು. ಸಿಟ್ಟು ಬಂದರೂ ಪೀಣ್ಯಕ್ಕೆ ಮರಳಿ ರಾತ್ರಿ ಪಾಳಿಯಲ್ಲಿ ಯಂತ್ರದ ಪಕ್ಕ ನಿಂತೆ. ಲೋಹ ಕಡೆಯುವ ಮೊನೆಯಾದ ಇನ್ಸರ್ಟ್ ಅನ್ನು ಎಷ್ಟು ಬುಶ್‌ಗೊಮ್ಮೆ ಬದಲಿಸಬೇಕೆಂದು ಎಲ್ಲೂ ಬರೆದಿರಲಿಲ್ಲ. ಹುಡುಗರು ಸದ್ದು ಕೇಳಿ ಬದಲಿಸುತ್ತಿದ್ದರು. ಹಗಲಿನಲ್ಲಿ ಹಿರಿಯರ ಕಿವಿ ಇತ್ತು, ರಾತ್ರಿ ಇರಲಿಲ್ಲ. ಯಂತ್ರಕ್ಕೆ ಲೆಕ್ಕದ ಹಾಳೆ ಅಂಟಿಸಿ ಫೋಟೊ ಕಳಿಸಿದೆ. ಆಮೇಲೆ ಪ್ರಶ್ನೆ ಬರಲಿಲ್ಲ.

ಆರು ವಾರಕ್ಕೆ ಆರ್ಡರ್ ಬಂತು. ಹಣ ಮಾತ್ರ ಲೆಕ್ಕ ಮುಗಿಸಿದ ತಿಂಗಳ ಮುಂದಿನ ತಿಂಗಳ ಕೊನೆಗೆ. ಅಲ್ಲಿಯವರೆಗೆ ಇಲ್ಲಿ ಓವರ್‌ಡ್ರಾಫ್ಟ್‌ನಲ್ಲಿ ಸಂಬಳ ಕೊಟ್ಟೆ. ಆರ್ಡರ್ ಪತ್ರದಲ್ಲಿ ನನ್ನ ಹೆಸರಿಗೆ ಮತ್ತೆ ಅಡ್ಡಗೆರೆ ಬಿದ್ದಿತ್ತು. ಈ ಸಲ ತಿದ್ದಲು ಹೋಗಲಿಲ್ಲ.