ಬರೆಯಬೇಕೇ, ಬಿಡಬೇಕೇ: 28 ಸಾಲಿನ ಒಂದು ಲೆಕ್ಕ

ಬರೆಯುವ ಹುರುಪು ಒಮ್ಮೆಗೇ ಹೋಗುವುದಿಲ್ಲ. ಮೊದಲು ಪೆನ್ನು ಹಿಡಿಯುವ ಹೊತ್ತು ತಡವಾಗುತ್ತದೆ. ಆಮೇಲೆ ಅರ್ಧ ಬರೆದಿಟ್ಟ ಕಥೆಯನ್ನು ತೆರೆಯುವುದೇ ಬೇಡವೆನಿಸುತ್ತದೆ. ಕೊನೆಗೆ ಯಾರಾದರೂ ‘ಈಗ ಎಂತ ಬರೀತಾ ಇದ್ದೀರಿ?’ ಎಂದು ಕೇಳಿದರೆ ಮಾತು ಬದಲಿಸುವಲ್ಲಿಗೆ ಬಂದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮುಂದುವರಿಸಲೇ ಬಿಡಲೇ ಎಂದು ಮನಸ್ಸನ್ನು ಕೇಳಿದರೆ ಅದು ಬಿಡು ಎಂದೇ ಹೇಳುತ್ತದೆ. ದಣಿದ ಮನಸ್ಸು ಬೇರೇನು ಹೇಳೀತು? ಅದಕ್ಕಾಗಿ ನಾನು ಮನಸ್ಸನ್ನು ಬದಿಗಿಟ್ಟು ಲೆಕ್ಕ ಬರೆಯತೊಡಗಿದೆ. ಕಾಸರಗೋಡಿನ ಈಚೆ, ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕನ್ನಡದಲ್ಲಿ ಬರೆಯುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದೆಂದು ಆ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ.

ಬೇಕಾದದ್ದು ನೂರು ಪುಟದ ಒಂದು ಸಾದಾ ನೋಟ್‌ಬುಕ್, ಒಂದು ಬಾಲ್ ಪೆನ್. 28 ದಿನ, ದಿನಕ್ಕೆ ಒಂದೇ ಸಾಲು. ಎಷ್ಟು ಹೊತ್ತಿಗೆ ಕೂತದ್ದು, ಎಷ್ಟು ನಿಮಿಷ ಕೂತದ್ದು, ಏಳಿಸಿದ್ದು ಯಾವುದು, ಇಷ್ಟು ಅದರಲ್ಲಿ ಬರಬೇಕು. ಕೂರದ ದಿನವೂ ಸಾಲು ತಪ್ಪಬಾರದು. ಯಾಕೆ ಕೂರಲಿಲ್ಲ ಎಂದು ಬರೆದರಾಯಿತು. ಎಷ್ಟು ಪದ ಬರೆದೆ ಎಂಬುದನ್ನು ಮಾತ್ರ ಬರೆಯಬಾರದು. ಪದದ ಲೆಕ್ಕ ಶುರುವಾದರೆ ಮೂರನೇ ದಿನಕ್ಕೆ ಅದೇ ಬೆತ್ತವಾಗುತ್ತದೆ, ಏಳನೇ ದಿನಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ. ‘ಬೇಜಾರು’, ‘ಮೂಡ್ ಇಲ್ಲ’ ಎಂಬ ಪದಗಳಿಗೂ ಪ್ರವೇಶ ಇಲ್ಲ. ಅವು ಕಾರಣವನ್ನು ಮುಚ್ಚಿಡುತ್ತವೆ. ‘ಎರಡನೇ ಪುಟದಲ್ಲಿ ಅತ್ತೆಯ ಮಾತು ಹೇಗೆ ಬರೆಯುವುದೆಂದು ಗೊತ್ತಾಗಲಿಲ್ಲ, ಎದ್ದೆ’ ಎಂದು ಬರೆದರೆ ಅದು ಕಾರಣ.

ಇಪ್ಪತ್ತೆಂಟು ಸಾಲು ತುಂಬಿದ ಮೇಲೆ ಪ್ರತಿ ಸಾಲಿನ ಅಂಚಿನಲ್ಲಿ ಒಂದು ಅಕ್ಷರ. ಹೊತ್ತು ಇಲ್ಲದ್ದು, ಮೈ ದಣಿದದ್ದು ಆದರೆ ‘ಹೊ’. ಕೈಯಲ್ಲಿರುವ ಕಥೆಯೇ ಸಿಕ್ಕಿಬಿದ್ದದ್ದಾದರೆ ‘ಕ’. ಕಳಿಸಿದ್ದಕ್ಕೆ ಉತ್ತರ ಬಾರದೆ ಕೈ ಸೋತದ್ದಾದರೆ ‘ಉ’. ವಾಕ್ಯ ತನ್ನದೆನಿಸದೆ ನಿಲ್ಲಿಸಿದ್ದಾದರೆ ‘ಭಾ’, ಅಂದರೆ ಭಾಷೆ. ನನ್ನ ನೋಟ್‌ಬುಕ್ಕಿನಲ್ಲಿ ‘ಹೊ’ 9, ‘ಕ’ 3, ‘ಉ’ 5, ‘ಭಾ’ 11 ಬಂತು. ಎಣಿಸುವವರೆಗೆ ಉತ್ತರ ಬಾರದ್ದೇ ದೊಡ್ಡ ನೋವು ಎಂದುಕೊಂಡಿದ್ದೆ. ಲೆಕ್ಕ ಬೇರೆ ಹೇಳಿತು.

‘ಹೊ’ ಹೆಚ್ಚು ಬಂದವರು ಬರವಣಿಗೆಯ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಕಿಲ್ಲ. ಕ್ಯಾಲೆಂಡರ್ ನೋಡಿದರೆ ಸಾಕು. ಅಡಿಕೆ ತೋಟ ಇರುವ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಬೇಕು, ನಲ್ವತ್ತು ನಲ್ವತ್ತೈದು ದಿನ ಬಿಟ್ಟು ಎರಡನೇ ಮದ್ದು. ಕೊಯ್ಲು ಶುರುವಾದರೆ ಅಂಗಳದಲ್ಲಿ ಅಡಿಕೆ ಒಣಗಲು ಮತ್ತೆ ಅಷ್ಟೇ ದಿನ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಬರೆಯಿರಿ ಎಂಬ ಉಪದೇಶ ಈ ಮನೆಗಳಿಗೆ ಹೊಂದುವುದಿಲ್ಲ. ಇಲ್ಲಿ ಕೆಲಸ ಗಡಿಯಾರ ನೋಡಿ ಬರುವುದಿಲ್ಲ, ಹೊಳವಾದಾಗ ಬರುತ್ತದೆ. ಜುಲೈಯಲ್ಲಿ ಮಳೆ ಬಿಟ್ಟ ದಿನ ಮದ್ದಿನವರು ಬರುತ್ತಾರೆ, ಅಂದು ಬರವಣಿಗೆ ಇಲ್ಲ. ಜಡಿಮಳೆಯ ದಿನ ಮಧ್ಯಾಹ್ನವಿಡೀ ಖಾಲಿ, ಅಂದು ಮೂರು ಗಂಟೆ ಕೂರಬಹುದು. ಹಾಗಾಗಿ ನಾನು ದಿನದ ನಿಯಮ ಬಿಟ್ಟು ವಾರದ ನಿಯಮ ಇಟ್ಟುಕೊಂಡೆ: ವಾರಕ್ಕೆ ಒಟ್ಟು 200 ನಿಮಿಷ, ಯಾವ ದಿನವಾದರೂ ಸರಿ. ಕರೆಂಟು ಹೋಗುವ ತಿಂಗಳುಗಳಲ್ಲಿ ಮೊದಲ ಕರಡು ಕಾಗದದ ಮೇಲೆಯೇ. ಶಾಲೆಯಲ್ಲಿ ಕಲಿಸುವವರಿಗೆ ಪರೀಕ್ಷೆಯ ತಿಂಗಳು, ಅಂಗಡಿಯವರಿಗೆ ಹಬ್ಬದ ತಿಂಗಳು ಹೀಗೆಯೇ. ಆ ತಿಂಗಳುಗಳಲ್ಲಿ ಬರೆಯಲಾಗದ್ದನ್ನು ಆಸಕ್ತಿ ಸತ್ತದ್ದೆಂದು ತಿಳಿಯಬೇಡಿ.

‘ಕ’ ಬಂದರೆ ಪರೀಕ್ಷೆ ಸುಲಭ. ಕಥೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ನೀವು ಪೆನ್ಸಿಲ್ ಹಿಡಿದು ಇನ್ನೊಂದು ಪ್ರತಿ ನೋಡುತ್ತಾ ಕೂರಿ. ಅವರು ತಡವರಿಸಿದಲ್ಲಿ ಒಂದು ಚುಕ್ಕೆ, ಸ್ವರ ಇಳಿದು ಬೇಗ ಬೇಗ ಓದಿದಲ್ಲಿ ಒಂದು ಗೆರೆ. ತಡವರಿಸಿದ್ದು ವಾಕ್ಯದ ದೋಷ, ಅದನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು. ಬೇಗ ಓದಿದ್ದು ಕಥೆಯ ದೋಷ, ಅಲ್ಲಿ ಏನೂ ನಡೆಯುತ್ತಿಲ್ಲ. ಸಾಮಾನ್ಯವಾಗಿ ಬರೆದವರು ಸಿಕ್ಕಿಬಿದ್ದ ಜಾಗಕ್ಕಿಂತ ಒಂದೂವರೆ ಎರಡು ಪುಟ ಮೊದಲೇ ಆ ಗೆರೆ ಬಿದ್ದಿರುತ್ತದೆ. ಅಲ್ಲಿಂದ ಕತ್ತರಿಸಿ ಮತ್ತೆ ಬರೆಯಬೇಕು. ಕತ್ತರಿಸಿದ್ದನ್ನು ಬಿಸಾಡಬಾರದು, ತಾರೀಕು ಹಾಕಿ ಲಕೋಟೆಯಲ್ಲಿಡಬೇಕು. ಮೂರು ಸಲ ಹೀಗೆ ಮಾಡಿಯೂ ಗೆರೆ ಅಲ್ಲೇ ಬಿದ್ದರೆ ಆ ಕಥೆಯನ್ನು ಬಿಡಬಹುದು. ಒಂದು ಕಥೆ ಬಿಡುವುದೆಂದರೆ ಬರವಣಿಗೆ ಬಿಟ್ಟಂತೆ ಎಂದು ಎಷ್ಟೋ ಜನ ತಿಳಿದುಕೊಂಡು ಒಂದು ಕೆಟ್ಟ ಕಾದಂಬರಿಯ ಜೊತೆ ಮೂರು ವರ್ಷ ಗುದ್ದಾಡುತ್ತಾರೆ.

‘ಉ’ದ ವಿಷಯಕ್ಕೆ ನೋಟ್‌ಬುಕ್ಕಿನ ಹಿಂಬದಿಯಿಂದ ಒಂದು ರಿಜಿಸ್ಟರ್: ಶೀರ್ಷಿಕೆ, ಪದಸಂಖ್ಯೆ, ಕಳಿಸಿದ್ದು ಎಲ್ಲಿಗೆ, ತಾರೀಕು, ತೊಂಬತ್ತನೇ ದಿನ ಯಾವಾಗ. ಪತ್ರಿಕೆಗಳಿಂದ ‘ಪ್ರಕಟಿಸಲಾಗದು’ ಎಂಬ ಪತ್ರ ಬರುವುದು ಕಡಮೆ. ಮೌನವೇ ಉತ್ತರ. ತೊಂಬತ್ತು ದಿನ ಕಳೆದರೆ ಒಂದು ವಿಚಾರಣೆಯ ಸಾಲು ಕಳಿಸಿ, ಹತ್ತು ದಿನ ಕಾದು, ಬೇರೆ ಕಡೆ ಕಳಿಸಿ. ಏಕಕಾಲಕ್ಕೆ ಎರಡು ಕಡೆ ಬೇಡ. ಎರಡರಲ್ಲೂ ಬಂದರೆ ಎರಡು ಬಾಗಿಲೂ ಮುಚ್ಚುತ್ತವೆ. ಎಷ್ಟೋ ಸಲ ಮೌನಕ್ಕೆ ಕಾರಣ ಕಥೆಯೇ ಅಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಿ ಕಳಿಸಬೇಕು. ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ ಜಾಗ ತಪ್ಪುವುದುಂಟು. ‘ಸೂರ್ಯ’, ‘ವರ್ಷ’, ‘ಕಾರ್ಯ’ ಇಂಥ ಪದಗಳನ್ನು ಹುಡುಕಿ ಕಣ್ಣಾರೆ ನೋಡಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಇಡಿ. 2000 ಪದ ಎಂದಲ್ಲಿಗೆ 3400 ಪದ ಕಳಿಸಿದರೆ ಓದದೆಯೇ ಬದಿಗಿಡುತ್ತಾರೆ, ಅದು ನ್ಯಾಯವೇ. ಸ್ಪರ್ಧೆಗಳ ನಿಯಮವನ್ನೂ ಕೊನೆಯವರೆಗೆ ಓದಿ. ಕರ್ನಾಟಕದಲ್ಲಿ ವಾಸಿಸುವವರಿಗೆ ಮಾತ್ರ ಎಂದಿದ್ದರೆ 671ರಿಂದ ಶುರುವಾಗುವ ಪಿನ್‌ಕೋಡಿನ ನಮಗೆ ಅಲ್ಲಿ ಜಾಗವಿಲ್ಲ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರ ಗೆರೆ ಇಂಥ ಸಣ್ಣ ಕಡೆಗಳಲ್ಲೂ ಎದುರಾಗುತ್ತದೆ, ನೋವಾಗುತ್ತದೆ; ಆದರೆ ಅದು ನಿಮ್ಮ ಕಥೆಯ ಮೇಲಿನ ತೀರ್ಪಲ್ಲ.

ಈ ರಿಜಿಸ್ಟರಿನಲ್ಲಿ ಆರು ಬರಹ, ಪ್ರತಿಯೊಂದೂ ಒಂದಾದ ಮೇಲೊಂದು ಎರಡು ಕಡೆ, ಒಟ್ಟು ಹನ್ನೆರಡು ಸಾಲು ತುಂಬುವವರೆಗೆ ‘ನನ್ನದನ್ನು ಯಾರೂ ತೆಗೆದುಕೊಳ್ಳುವುದಿಲ್ಲ’ ಎಂಬ ಮಾತು ಆಡಬಾರದು ಎಂದು ನಿಯಮ ಮಾಡಿಕೊಂಡೆ. ಆ ಮಾತು ಹೊರಟಾಗ ನನ್ನ ರಿಜಿಸ್ಟರಿನಲ್ಲಿ ಇದ್ದದ್ದು ನಾಲ್ಕು ಸಾಲು.

ಇನ್ನು ‘ಭಾ’. ನಮ್ಮ ಕಡೆ ಬರೆಯುವವರ ನಿಜವಾದ ಕಗ್ಗಂಟು ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಪಂಚಾಯತ್ ಕಚೇರಿಯಲ್ಲಿ, ಬಸ್ಸಿನಲ್ಲಿ ಮಲಯಾಳ. ಕನ್ನಡ ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದ ಚೌಕಿಯಲ್ಲಿ. ಬರೆಯಲು ಕೂತಾಗ ಕೈಗೆ ಬರುವುದು ಪತ್ರಿಕೆಯಲ್ಲಿ ಓದಿದ ಕನ್ನಡ, ಕಿವಿಯಲ್ಲಿ ಇರುವುದು ಬೇರೆ. ಎರಡರ ನಡುವಿನ ದೂರವೇ ಆಯಾಸ. ‘ಆಕೆಯ ಕಣ್ಣಂಚಿನಲ್ಲಿ ನೀರು ಜಿನುಗಿತು, ಹೃದಯ ಭಾರವಾಯಿತು’ ಎಂದು ಬರೆದು ಮುಗಿಸಿದ ಕೂಡಲೇ ಮನಸ್ಸು ಮುದುಡುತ್ತದೆ, ಯಾಕೆಂದರೆ ಆ ಮನೆಯಲ್ಲಿ ಯಾರೂ ಹಾಗೆ ಅತ್ತಿಲ್ಲ. ಅದೇ ಜಾಗದಲ್ಲಿ ‘ಅಮ್ಮ ಏನೂ ಹೇಳಲಿಲ್ಲ. ಚೆಲ್ಲಿದ ಅಡಿಕೆ ಹೆಕ್ಕುತ್ತಾ ಹೆಕ್ಕುತ್ತಾ ಅಂಗಳದ ಆ ತುದಿಗೆ ಹೋದಳು’ ಎಂದು ಬರೆದಾಗ ಮುಂದಿನ ವಾಕ್ಯ ತಾನಾಗಿ ಬಂತು. ‘ಹೆಕ್ಕು’ ಬದಲು ‘ಆಯ್ದುಕೊಳ್ಳು’ ಹಾಕಿದ್ದರೆ ಬರುತ್ತಿರಲಿಲ್ಲ.

ಇದಕ್ಕೆ ಮಾಡಿದ ಅಭ್ಯಾಸ ದಿನಕ್ಕೆ ಹತ್ತು ನಿಮಿಷದ್ದು. ಆ ದಿನ ಕೇಳಿದ ಮಾತುಕತೆಯಲ್ಲಿ ನಾಲ್ಕು ಸಾಲನ್ನು, ಅದು ಯಾವ ಭಾಷೆಯಲ್ಲಿ ಕೇಳಿತೋ ಅದರಲ್ಲೇ, ಕನ್ನಡ ಲಿಪಿಯಲ್ಲಿ ಬರೆಯುವುದು. ಕೆಳಗೆ ಅದರ ಕನ್ನಡ. ಕನ್ನಡಕ್ಕೆ ತರುವಾಗ ಯಾವ ಪದ ಬಗ್ಗುವುದಿಲ್ಲವೋ ಅದನ್ನು ಹಾಗೆಯೇ ಉಳಿಸಿ, ಕೆಳಗೆ ಗೆರೆ ಎಳೆಯುವುದು. ನಲ್ವತ್ತು ದಿನಕ್ಕೆ ಅಂಥ ಪದ ಅರುವತ್ತರಷ್ಟು ಸೇರಿದವು. ಕಥೆಯಲ್ಲಿ ಪುಟಕ್ಕೆ ಒಂದೆರಡಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಧಾರವಾಡದ ಓದುಗ ಕೈಬಿಡುತ್ತಾನೆ. ಸಂದರ್ಭದಿಂದಲೇ ಅರ್ಥವಾಗುವ ಹಾಗೆ ಇಡಬೇಕು, ಕಂಸದಲ್ಲಿ ಅರ್ಥ ಕೊಡಬಾರದು.

ಮನೆಮಾತು ಬೇರೆ, ಬರೆಯುವ ಭಾಷೆ ಬೇರೆ ಎಂಬುದನ್ನು ಕೊರತೆ ಎಂದು ತಿಳಿದು ಬಿಟ್ಟುಬಿಡುವವರಿಗೆ, ವಯಸ್ಸು ಮೀರಿತು ಎನ್ನುವವರಿಗೂ, ನಮ್ಮ ಊರಿನವರ ಹೆಸರುಗಳನ್ನೇ ಹೇಳಬೇಕು. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಸಾರಾ ಅಬೂಬಕ್ಕರ್ ಹುಟ್ಟಿದ್ದು ಕಾಸರಗೋಡಿನಲ್ಲಿ, 1936ರಲ್ಲಿ. ಅವರ ಮೊದಲ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ಲೆಕ್ಕ ಹಾಕಿ, ವಯಸ್ಸು ನಲ್ವತ್ತೈದು. ಕಾರಡ್ಕದ ಕೆ.ವಿ. ತಿರುಮಲೇಶ್ ಹೈದರಾಬಾದಿನಲ್ಲಿ ಕೂತು ಕನ್ನಡದಲ್ಲಿ ಬರೆದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2015ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ.

ಇಷ್ಟೆಲ್ಲ ಮಾಡಿಯೂ ಕೈ ಮುಂದೆ ಹೋಗದಿದ್ದರೆ ನಲ್ವತ್ತು ದಿನ ಪೂರ್ತಿ ನಿಲ್ಲಿಸಬೇಕು. ಇದು ಬಿಡುವು ಅನ್ನುವುದಕ್ಕಿಂತ ಪರೀಕ್ಷೆ. ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಮಾಡಿದವರಿಗೆ ಗೊತ್ತು: ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಐವತ್ತು ಲೀಟರಿನಲ್ಲಿ ಕರಗಿಸಿ ಬೆರೆಸಿದ ಮೇಲೆ ಬಣ್ಣ ನೀಲಿಯಾಗಿ ಚೆಂದವೇ ಇರುತ್ತದೆ. ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಕೆಂಪಡರಿದರೆ ಸುಣ್ಣ ಸಾಲದು. ಆ ನಲ್ವತ್ತು ದಿನ ನನಗೆ ಅದ್ದಿದ ಕತ್ತಿ. ಓದಬಹುದು, ಯಕ್ಷಗಾನದ ಆಟ ನೋಡಬಹುದು, ಕಥೆ ಕೇಳಬಹುದು. ಕರಡು ತೆರೆಯಬಾರದು, ಹೊಸದು ಶುರು ಮಾಡಬಾರದು, ಸ್ಪರ್ಧೆಯ ಪ್ರಕಟಣೆ ನೋಡಬಾರದು, ‘ನಾನು ಬರೆಯುವುದು ಬಿಟ್ಟೆ’ ಎಂದು ಊರಿಗೆ ಸಾರಬಾರದು. ಸಾರಿದರೆ ಆ ಮಾತು ಉಳಿಸಿಕೊಳ್ಳುವ ಹಟವೇ ತೀರ್ಮಾನ ಮಾಡಿಬಿಡುತ್ತದೆ. ಒಂದು ವಾಕ್ಯವೋ ಒಂದು ಮುಖವೋ ತಾನಾಗಿ ನೆನಪಿಗೆ ಬಂದು ಹಿಡಿದರೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ವಾಕ್ಯ ಬರೆಯಬಾರದು, ಗೀಟು ಮಾತ್ರ.

ನಲ್ವತ್ತೊಂದನೇ ದಿನ ಗೀಟು ಎಣಿಸಿ. ಮೊದಲ ಹತ್ತು ದಿನದಲ್ಲಿ ಹೆಚ್ಚಿದ್ದು ಆಮೇಲೆ ನಿಂತಿದ್ದರೆ ಅದು ಹಳೆಯ ಅಭ್ಯಾಸದ ಸೆಳೆತ. ಮೊದಲು ಖಾಲಿ ಇದ್ದು ಇಪ್ಪತ್ತನೇ ದಿನದ ಮೇಲೆ ಶುರುವಾಗಿ ಏರಿದ್ದರೆ ಬರವಣಿಗೆ ನಿಮ್ಮನ್ನು ಬಿಟ್ಟಿಲ್ಲ. ನನ್ನದು ಎರಡನೇ ಬಗೆ, ಒಟ್ಟು 17 ಗೀಟು, ಅದರಲ್ಲಿ 14 ಕೊನೆಯ ಹದಿನೈದು ದಿನದ್ದು. ಒಂದೂ ಗೀಟು ಇಲ್ಲದೆ, ಮನಸ್ಸು ಹಗುರಾಗಿ, ನಿದ್ದೆ ಚೆನ್ನಾಗಿ ಬಂದಿದ್ದರೆ ನಿಲ್ಲಿಸಬಹುದು, ಅದರಲ್ಲಿ ಸೋಲು ಇಲ್ಲ. ಒಳ್ಳೆಯ ಓದುಗರ ಬರ ಕಾಸರಗೋಡಿನ ಕನ್ನಡಕ್ಕೆ ಬರಹಗಾರರ ಬರಕ್ಕಿಂತ ದೊಡ್ಡದು.

ಪೂರ್ತಿ ಬಿಡುವುದು, ಹಿಂದಿನಂತೆಯೇ ಮುಂದುವರಿಸುವುದು, ಈ ಎರಡರ ನಡುವೆ ಇನ್ನೂ ದಾರಿ ಉಂಟು. ಪ್ರಕಟಿಸುವುದನ್ನು ಎರಡು ವರ್ಷ ನಿಲ್ಲಿಸಿ ಬರೆಯುವುದನ್ನು ಮಾತ್ರ ಇಟ್ಟುಕೊಳ್ಳಬಹುದು. ‘ಭಾ’ ಹೆಚ್ಚಿದ್ದವರಿಗೆ ನಾನು ಹೇಳುವುದು ಅನುವಾದ. ಮಲಯಾಳ ಕಿವಿಯಲ್ಲೇ ಇರುವ ನಮಗೆ ಅದು ಕೈಗೆಟಕುವ ಕೆಲಸ, ಕಥಾವಸ್ತು ಹುಡುಕುವ ಭಾರವಿಲ್ಲದೆ ವಾಕ್ಯ ಕಟ್ಟುವುದನ್ನಷ್ಟೇ ಅಭ್ಯಾಸ ಮಾಡಬಹುದು. ಬದುಕಿರುವ ಲೇಖಕರಾದರೆ ಪ್ರಕಟಣೆಗೆ ಮೊದಲು ಲಿಖಿತ ಒಪ್ಪಿಗೆ ಬೇಕೇ ಬೇಕು. ನಮ್ಮ ದೇಶದಲ್ಲಿ ಲೇಖಕರ ಹಕ್ಕು ಅವರು ತೀರಿಹೋದ ಮೇಲೂ 60 ವರ್ಷ ಇರುತ್ತದೆ. ಹಾಗೆ ಲೆಕ್ಕ ಹಾಕಿದರೆ 1924ರಲ್ಲಿ ತೀರಿಕೊಂಡ ಕುಮಾರನ್ ಆಶಾನ್, 1958ರಲ್ಲಿ ತೀರಿಕೊಂಡ ವಳ್ಳತ್ತೋಳ್, ಈ ಮಲಯಾಳ ಕವಿಗಳು ಬದುಕಿದ್ದಾಗ ಪ್ರಕಟವಾದ ಕೃತಿಗಳಿಗೆ ಯಾರ ಒಪ್ಪಿಗೆಯೂ ಬೇಡ. ಮಲಯಾಳದ ಒಂದು ಕ್ರಿಯಾಪದಕ್ಕೆ ಕನ್ನಡದ ಕ್ರಿಯಾಪದ ಹುಡುಕುತ್ತಾ ಅರ್ಧ ಗಂಟೆ ಕೂತವರಿಗೆ ‘ಮೂಡ್’ ಬೇಕಾಗುವುದಿಲ್ಲ. ನಾನು ಆರಿಸಿಕೊಂಡದ್ದು ಇದನ್ನೇ. ಜೊತೆಗೆ ವರ್ಷಕ್ಕೆ ಎರಡು ಸ್ವಂತ ಕಥೆ.

ನಿಲ್ಲಿಸುವವರೂ ಕರಡುಗಳನ್ನು ಸುಡಬೇಡಿ. ನಮ್ಮ ಹವೆಯಲ್ಲಿ ಕಾಗದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಪಿನ್ನು, ಕ್ಲಿಪ್ಪು ತೆಗೆಯಿರಿ, ತುಕ್ಕು ಕಾಗದ ತಿನ್ನುತ್ತದೆ. ಬಿಸಿಲಿನ ದಿನ ನೆರಳಿನಲ್ಲಿ ಆರಿಸಿ, ನೂಲಿನಲ್ಲಿ ಕಟ್ಟಿ, ಮೇಲೆ ತಾರೀಕು ಬರೆದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಬೆರಳಚ್ಚು ಮಾಡಿದ್ದಿದ್ದರೆ ಯೂನಿಕೋಡ್ ಪ್ರತಿ ಎರಡು ಕಡೆ ಇರಲಿ. ಡಬ್ಬಿಯನ್ನು ವರ್ಷಕ್ಕೊಮ್ಮೆ, ತುಲಾ ತಿಂಗಳ, ಅಂದರೆ ಅಕ್ಟೋಬರ್-ನವೆಂಬರಿನ, ಮಳೆ ಹೋದ ಮೇಲೆ, ತೆರೆದು ಗಾಳಿಗಿಟ್ಟರೆ ಸಾಕು.